ಗೆರೆ ಎಳೆಯದ ಪುಟ

"ಶಾರ್ಟ್‌ಹ್ಯಾಂಡ್ ಬರೋರು ಇನ್ನೂ ಯಾರಾದ್ರೂ ಬದುಕಿದ್ದಾರಾಮ್ಮ?" ಎಂದು ಆ ಹುಡುಗಿ ತನ್ನ ತಾಯಿಯನ್ನು ಕೇಳಿದಾಗ ನಾನು ಲಂಡನ್ನಿನ ಹೌನ್ಸ್ಲೋದ ಒಂದು ಶಾಲೆಯ ಹಾಲ್‌ನಲ್ಲಿ ಯುಗಾದಿ ಊಟದ ಸಾಲಿನಲ್ಲಿ ಪೇಪರ್ ಪ್ಲೇಟು ಹಿಡಿದು ನಿಂತಿದ್ದೆ. ಪ್ರಶ್ನೆ ನನ್ನನ್ನು ಕೇಳಿದ್ದಲ್ಲ. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಬದುಕೇವಿ ತಂಗಿ. ನಿನ್ನ ಹಿಂದs ನಿಂತೇವಿ" ಎಂದೆ.

ಮದುವೆಗೆ ಮೊದಲು ಗದಗಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಾನು ಶಾರ್ಟ್‌ಹ್ಯಾಂಡ್ ಕಲಿತವಳು. ಜೂನಿಯರ್, ಸೀನಿಯರ್ ಎರಡೂ ಪಾಸು, ಸೀನಿಯರ್‌ನಲ್ಲಿ ಮಾಸ್ತರರ ಕಡೆಯಿಂದ ಶಾಬಾಸಗಿರಿ ಕೂಡ. ಹಾಗಾಗಿ ಆ ಹುಡುಗಿ ಹೋಳಿಗೆ ತಿನ್ನುವುದನ್ನು ಬಿಟ್ಟು ನನ್ನನ್ನು ಮೂಲೆಗೆ ಕರೆದೊಯ್ದಾಗ ನನಗೆ ಅಳುಕೇನೂ ಇರಲಿಲ್ಲ. ಅವಳು ಕಿಂಗ್ಸ್‌ಬರಿಯಲ್ಲಿ ಹುಟ್ಟಿ ಬೆಳೆದವಳು, ತಂದೆ ತಾಯಿ ಬೆಂಗಳೂರಿನವರು. ಥೇಮ್ಸ್ ದಡದ ಒಂದು ಸಣ್ಣ ಮ್ಯೂಸಿಯಂನಲ್ಲಿ ಕ್ಯುರೇಟರ್. ಕನ್ನಡ ಪೂರ್ತಿ ತಿಳಿಯುತ್ತದೆ. ಅಮ್ಮನ ಹತ್ತಿರ ಬಿಟ್ಟರೆ ಬೇರೆಯವರ ಮುಂದೆ ಬಾಯಿಗೆ ಬರುವುದು ಇಂಗ್ಲಿಷ್ ಮಾತ್ರ.

ಅವಳು ಹೇಳಿದ ವಿಷಯ ಇಷ್ಟು. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಒಂದು ರಾಜಮನೆತನದ ಕುವರ ಹಿಂದುಸ್ತಾನದ ಪ್ರವಾಸಕ್ಕೆ ಹೊರಟಿದ್ದ. ಆ ರಾಜ್ಯವೇ ಈಗ ನಕ್ಷೆಯಲ್ಲಿಲ್ಲ. ಅವನ ಬೆನ್ನಿಗೆ ಲಂಡನ್ನಿನ ಒಬ್ಬ ಪತ್ರಕರ್ತನೂ ಹೊರಟ. ಕುವರ ಹೋದಲ್ಲೆಲ್ಲ ಹೋಗಿ, ನೋಡಿದ್ದನ್ನು ಬರೆದು ಹಡಗಿನ ಟಪಾಲಿನಲ್ಲಿ ಇಲ್ಲಿನ ಪತ್ರಿಕೆಗಳಿಗೆ ಕಳಿಸುವುದು ಅವನ ಕೆಲಸ. ಅವನ ಒಂದು ನೋಟ್‌ಬುಕ್ ಯಾರದೋ ಮನೆಯ ಅಟ್ಟದ ಪೆಟ್ಟಿಗೆಯಿಂದ ಮ್ಯೂಸಿಯಂಗೆ ಬಂದಿತ್ತು. ಸೆಪ್ಟೆಂಬರಿನಲ್ಲಿ ಅದರ ಮೇಲೆ ಪ್ರದರ್ಶನ. ಅವಳೊಬ್ಬಳೇ ಹೊತ್ತು ಮಾಡುತ್ತಿದ್ದ ಮೊದಲ ಪ್ರದರ್ಶನ ಅದು. ತೊಂದರೆಯೆಂದರೆ ಪುಟದ ತಲೆಯ ಮೇಲಿನ ಊರಿನ ಹೆಸರು ಬಿಟ್ಟರೆ ಉಳಿದದ್ದೆಲ್ಲ ಶಾರ್ಟ್‌ಹ್ಯಾಂಡ್. ಇಡೀ ಮ್ಯೂಸಿಯಂನಲ್ಲಿ ಒಬ್ಬರಿಗೂ ಓದಲು ಬರುವುದಿಲ್ಲ.

ನಮ್ಮ ಮನೆಯವರು ಏರ್‌ಪೋರ್ಟಿನಲ್ಲಿ ಬಸ್ಸು ಓಡಿಸುವವರು. ಫೆಲ್ಥಮ್‌ನ ನಮ್ಮ ಅಡುಗೆಮನೆಯ ಟೇಬಲ್ಲಿನ ಮೇಲೆ ಜೆರಾಕ್ಸ್ ಪ್ರತಿಗಳ ಕಟ್ಟು ನೋಡಿ, ಇಷ್ಟು ದಿನದ ನಂತರ ನಿನ್ನ ಕಾಗೆ ಕಾಲು ಗುಬ್ಬಿ ಕಾಲಿಗೂ ಒಂದು ಕಾಲ ಬಂತು ಎಂದರು. ನಾನು ಬೆಳಗಿನ ಪಾಳಿ ಕಾರ್ಗೋ ಆಫೀಸಿನಲ್ಲಿ ಮುಗಿಸಿ, ಮಧ್ಯಾಹ್ನ ಊಟ ಮಾಡಿ, ಪೆನ್ಸಿಲ್ ಕೆತ್ತಿಕೊಂಡು ಕೂತೆ.

ಮೊದಲ ದಿನ ಒಂದು ಸಾಲೂ ಸಾಗಲಿಲ್ಲ. ಮೊದಲ ವಾರದಲ್ಲಿ ಮೂರು ಪುಟ. ಶಾರ್ಟ್‌ಹ್ಯಾಂಡಿನಲ್ಲಿ ಅಕ್ಷರವಿಲ್ಲ, ಸದ್ದು ಮಾತ್ರ. ಒಂದೇ ಗೆರೆ ತೆಳ್ಳಗಿದ್ದರೆ 'ಪ', ದಪ್ಪಗಿದ್ದರೆ 'ಬ'. ಜೆರಾಕ್ಸ್ ಯಂತ್ರಕ್ಕೆ ತೆಳ್ಳಗೆ ದಪ್ಪಗೆ ಎರಡೂ ಒಂದೇ. ಸಾಲದ್ದಕ್ಕೆ ಅವನು ಕಲಿತ ಕಾಲದ ಕೆಲವು ಚಿಹ್ನೆಗಳು ನಾನು ಕಲಿತದ್ದಕ್ಕಿಂತ ಬೇರೆ. ಹುಡುಗಿ ಎಲ್ಲಿಂದಲೋ ಆ ಕಾಲದ ಕೈಪಿಡಿಯ ಪ್ರತಿ ತರಿಸಿಕೊಟ್ಟಳು. ಪ್ರತಿ ಗುರುವಾರ ನಾನು ಬಸ್ಸು ಹಿಡಿದು ಮ್ಯೂಸಿಯಂಗೆ ಹೋಗಿ, ಮೂಲ ನೋಟ್‌ಬುಕ್ಕನ್ನು ಮೆತ್ತನೆಯ ದಿಂಬಿನ ಮೇಲಿಟ್ಟುಕೊಂಡು, ಭೂತಗನ್ನಡಿ ಹಿಡಿದು ತೆಳ್ಳಗಿನ ಗೆರೆಗೂ ದಪ್ಪಗಿನ ಗೆರೆಗೂ ನನ್ನ ಪ್ರತಿಯಲ್ಲಿ ಗುರುತು ಹಾಕಿಕೊಂಡು ಬರುತ್ತಿದ್ದೆ. ಮೂರನೆಯ ವಾರದ ಹೊತ್ತಿಗೆ ಅವನ ಕೈಬರಹ ನನಗೆ ಹಿಡಿತಕ್ಕೆ ಬಂತು. ಅವಸರದಲ್ಲಿ ಸ್ವರದ ಚುಕ್ಕೆಗಳನ್ನು ಬಿಡುತ್ತಾನೆ, 'ರಾಜಕುಮಾರ' ಎನ್ನಲು ಒಂದು ಕೊಕ್ಕೆ ಮಾತ್ರ ಹಾಕುತ್ತಾನೆ, ಬೇಸರ ಬಂದಾಗ ಗೆರೆ ಸಾಲಿನಿಂದ ಕೆಳಕ್ಕೆ ಜಾರುತ್ತದೆ. ಆಮೇಲೆ ದಿನಕ್ಕೆ ಎರಡು ಪುಟ ಸಲೀಸು.

ನೋಟ್‌ಬುಕ್ಕಿನ ಬಹಳಷ್ಟು ಪುಟಗಳ ಮೇಲೆ ಮೇಲಿನಿಂದ ಕೆಳಗಿನವರೆಗೆ ಶಾಯಿಯ ಒಂದು ಓರೆ ಗೆರೆ ಇತ್ತು. ಹುಡುಗಿ ಮೊದಲ ದಿನವೇ ಹೇಳಿದ್ದಳು, ಅವು ಲೇಖಕ ಹೊಡೆದುಹಾಕಿದ ಪುಟಗಳು, ಹೊಡೆಯದ ಪುಟಗಳನ್ನು ಮೊದಲು ಓದಿಕೊಡಿ ಎಂದು. ನಾನು ಹೂಂ ಎಂದೆ. ಈ ಹೂಂ ಅನ್ನು ನೆನಪಿಡಿ, ಆಮೇಲೆ ನನ್ನ ಮುಖಕ್ಕೇ ಬಂದು ಬಡಿಯಿತು.

ಹೊಡೆಯದ ಪುಟಗಳು ಕಡಿಮೆ, ಆದರೆ ಒಂದೊಂದೂ ಕೈ ಕಟ್ಟಿಹಾಕುವಂಥವು. ಕುವರನಿಗೆ ಹುಲಿ ಬೇಟೆಯಾಡುವ ಆಸೆ. ಅದಕ್ಕೆ ನಮ್ಮ ಧಾರವಾಡದ ಕಡೆಯ ಕಾಡಿಗೆ ಹೊಸದಾಗಿ ರಸ್ತೆ ಕಡಿಸಿದ್ದರು. ಕಡಿಯುವವರ ಬಿಡಾರದಲ್ಲಿ ವಾಂತಿಭೇದಿ ಬಿತ್ತು. ಪತ್ರಕರ್ತ ಮೆರವಣಿಗೆಯಿಂದ ತಪ್ಪಿಸಿಕೊಂಡು, ಒಬ್ಬ ದುಭಾಷಿಯನ್ನು ಕರೆದುಕೊಂಡು ಆ ಬಿಡಾರಕ್ಕೆ ಹೋಗಿದ್ದ. ಅಲ್ಲಿ ಕೆಲಸದವರ ಮೇಸ್ತ್ರಿಯಾದ ಮುಕದ್ದಮ ಅವನ ನೋಟ್‌ಬುಕ್ ನೋಡಿ, ಸತ್ತವರ ಹೆಸರು ಬರೆದುಕೊಳ್ಳಿ ಎಂದು ಹಟ ಹಿಡಿದ. ಪತ್ರಕರ್ತ ಬರೆದುಕೊಂಡ. ಅವಸರಕ್ಕೆ ಚುಕ್ಕೆ ಬಿಡುತ್ತಿದ್ದ ಮನುಷ್ಯ ಈ ಒಂದು ಪುಟದಲ್ಲಿ ಮಾತ್ರ ಪ್ರತಿ ಹೆಸರಿನ ಪ್ರತಿ ಸ್ವರಕ್ಕೂ ಚುಕ್ಕೆ ಇಟ್ಟಿದ್ದ. ಅವನಿಗೆ ಗೊತ್ತಿಲ್ಲದ ಹೆಸರುಗಳು, ತಪ್ಪಬಾರದು ಎಂದು.

ನಾನು ಮೆಲ್ಲಗೆ ಸದ್ದು ಮಾಡಿ ಓದಿದೆ. ಯಲ್ಲಪ್ಪ. ದ್ಯಾಮವ್ವ. ಫಕೀರಪ್ಪ. ಕರಿಯವ್ವ. ನಿಂಗಪ್ಪ. ಹುಲಿಗೆವ್ವ. ಬಾಳಪ್ಪ. ಇನ್ನೊಬ್ಬ ಯಲ್ಲಪ್ಪ. ಒಂಬತ್ತನೆಯ ಸಾಲಿನಲ್ಲಿ, ಒಬ್ಬ ಹೆಂಗಸು, ಹೊಸದಾಗಿ ಬಂದವಳು, ಹೆಸರು ಯಾರಿಗೂ ಗೊತ್ತಿಲ್ಲ. ಅದರ ಕೆಳಗೆ ಎರಡು ಸಾಲು. ಇವನ್ನು ನಿಮ್ಮ ಊರಿನ ಕಾಗದದಲ್ಲಿ ಹಾಕಿಸುತ್ತೀರಾ ಎಂದು ಮುಕದ್ದಮ ಕೇಳಿದ. ಹಾಕಿಸುತ್ತೇನೆ ಎಂದೆ.

ಅಡುಗೆಮನೆಯಲ್ಲಿ ಕೂತು ಅತ್ತೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಅವು ನಮ್ಮ ಓಣಿಯ ಹೆಸರುಗಳು. ಸಪ್ತಸಮುದ್ರ ದಾಟಿ ಬಂದು, ನೂರಕ್ಕೂ ಹೆಚ್ಚು ವರ್ಷ ಒಂದು ಪೆಟ್ಟಿಗೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದು, ಫೆಲ್ಥಮ್‌ನಲ್ಲಿ ನನ್ನ ಬಾಯಿಂದ ಹೊರಬಿದ್ದವು.

ಆಮೇಲೆ ಗೆರೆ ಹೊಡೆದ ಪುಟಗಳಿಗೆ ಕೈ ಹಾಕಿದೆ. ಆನೆಗಳ ಸಾಲು, ಬಾಣಬಿರುಸು, ಕುವರನ ಟೋಪಿಯ ಗರಿ, ಜನರ ಜಯಕಾರ. ಓದಿ ಓದಿ ಬಾಯಿ ಸಿಹಿಯಾಯಿತು. ನಡುವೆ ಒಂದು ಪುಟ ಲಂಡನ್ನಿನ ಮನೆಯೊಡತಿಗೆ ಬರೆದ ಪತ್ರದ ಕರಡು, ತನ್ನ ಬೆಕ್ಕಿಗೆ ಮರೆಯದೆ ಹಾಲು ಹಾಕಿ ಎಂದು. ಅದಕ್ಕೂ ಗೆರೆ.

ಇದನ್ನೆಲ್ಲ ಕೇಳಿ ಹುಡುಗಿಯ ಕಣ್ಣು ಅರಳಿತು. ಅವಳಿಗೆ ಒಂದು ಕಥೆ ಸಿಕ್ಕಿಬಿಟ್ಟಿತು. ಈ ಪತ್ರಕರ್ತ ಹೊಗಳಿಕೆ ಬರೆದು, ನಾಚಿಕೆಪಟ್ಟು, ತಾನೇ ಗೆರೆ ಹೊಡೆದ. ನಿಜವನ್ನು ಮಾತ್ರ ಉಳಿಸಿ ಊರಿಗೆ ಕಳಿಸಿದ. ನಿಜದ ಪುಟಗಳ ಮಾತುಗಳನ್ನು ಹಳೆಯ ಪತ್ರಿಕೆಗಳ ಡಿಜಿಟಲ್ ಸಂಗ್ರಹದಲ್ಲಿ ಅವಳು ಹುಡುಕಿಯೂ ಇದ್ದಳು. ಸಿಕ್ಕಿರಲಿಲ್ಲ. ಎಷ್ಟೋ ಸಂಚಿಕೆಗಳು ಕಳೆದುಹೋಗಿವೆ, ಅದರಲ್ಲಿತ್ತೇನೋ ಎಂದುಕೊಂಡಳು. ಗೆರೆ ಹೊಡೆದದ್ದನ್ನು ಹುಡುಕುವ ಪ್ರಶ್ನೆಯೇ ಬರಲಿಲ್ಲ. ಮ್ಯೂಸಿಯಂನ ಮುಖ್ಯಸ್ಥರಿಗೂ ಕಥೆ ಹಿಡಿಸಿತು. ಪೋಸ್ಟರ್ ತಯಾರಾಯಿತು, 'ಪಶ್ಚಾತ್ತಾಪಪಟ್ಟ ಲೇಖನಿ' ಎಂಬರ್ಥದ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ. ನಿಜ ಹೇಳಬೇಕೆಂದರೆ ಆ ಕಥೆ ನನಗೂ ಹಿಡಿಸಿತ್ತು. ನಮ್ಮ ಒಂಬತ್ತು ಜನರ ಸಾವಿನ ಸುದ್ದಿ ಆ ಕಾಲದಲ್ಲೇ ಇಲ್ಲಿ ಅಚ್ಚಾಗಿತ್ತು, ಯಾರೋ ಓದಿ ಅಯ್ಯೋ ಪಾಪ ಎಂದಿದ್ದರು ಎಂದು ನಂಬುವುದು ಎಷ್ಟು ಹಿತವಾಗಿತ್ತು!

ಪ್ರದರ್ಶನಕ್ಕೆ ಮೂರು ವಾರ ಇದ್ದಾಗ ನಾನು ಕೊನೆಯ ಇಪ್ಪತ್ತೈದು ಪುಟಗಳ ಕಟ್ಟನ್ನು ಒಪ್ಪಿಸಿದೆ. ಅಲ್ಲಿಯವರೆಗೆ ಟೈಪು ಮಾಡಿದ ಹಾಳೆ ಮಾತ್ರ ಕೊಡುತ್ತಿದ್ದೆ, ಈ ಸಲ ಪ್ರತಿ ಜೆರಾಕ್ಸಿಗೂ ಅದರ ಹಾಳೆ ಪಿನ್ನು ಹಾಕಿ ಕೊಟ್ಟಿದ್ದೆ. ಮೂರು ಪುಟಗಳಲ್ಲಿ ಅನುಮಾನವಿತ್ತು, ಮತ್ತೆ ಮೂಲ ನೋಡಬೇಕಿತ್ತು. ಉಳಿದ ಇಪ್ಪತ್ತೆರಡು ಸ್ವಚ್ಛ. ಒಂದು ವಾರದ ಮೇಲೆ ಗೋಡೆಯ ಫಲಕಗಳ ಪ್ರೂಫ್ ಬಂತು. ನೋಡುತ್ತೇನೆ, ಆ ಕಟ್ಟಿನಿಂದ ಬಂದದ್ದು ಅನುಮಾನದ ಮೂರು ಪುಟ ಮಾತ್ರ. ಸ್ವಚ್ಛವಾದ ಇಪ್ಪತ್ತೆರಡರಲ್ಲಿ ಒಂದಕ್ಷರವಿಲ್ಲ. ನನ್ನ ಪಿತ್ತ ನೆತ್ತಿಗೇರಿತು. ಆ ಗುರುವಾರ ಮ್ಯೂಸಿಯಂಗೆ ಹೋದವಳೇ ಪ್ರೂಫನ್ನು ಅವಳ ಮೇಜಿನ ಮೇಲಿಟ್ಟು, ಜೋಳ ಚೆಲ್ಲಿ ಹೊಟ್ಟು ಕಟ್ಟಿಕೊಂಡಿಯಲ್ಲ ಎಂದೆ.

ಅವಳು ಗಾಬರಿಯಾದಳು. ನೀವೇ ಬೇಡ ಅಂದಿದ್ದಿರಲ್ಲ ಎಂದಳು. ನಾನೆಲ್ಲಿ ಅಂದೆ ಎಂದೆ. ಅವಳು ಎದ್ದು ಹೋಗಿ ನನ್ನ ಜೆರಾಕ್ಸ್ ಕಟ್ಟನ್ನು ತಂದು ಹರವಿದಳು. ಇಪ್ಪತ್ತೆರಡು ಪುಟಗಳ ಮೇಲೂ ಮೇಲಿನಿಂದ ಕೆಳಗಿನವರೆಗೆ ಪೆನ್ಸಿಲ್ಲಿನ ಗೆರೆ.

"ಆಂಟಿ, ಯು ಕ್ರಾಸ್ಡ್ ದೆಮ್ ಔಟ್" ಎಂದಳು.

ಗೆರೆ ಎಳೆದದ್ದು ನಾನೇ. ಎಳೆದದ್ದು ನನಗೆ ಗೊತ್ತೇ ಇರಲಿಲ್ಲ. ಇನ್‌ಸ್ಟಿಟ್ಯೂಟಿನಲ್ಲಿ ಮಾಸ್ತರರು ಹಾಕಿದ ಅಭ್ಯಾಸ ಅದು. ಶಾರ್ಟ್‌ಹ್ಯಾಂಡಿನ ಪುಟವನ್ನು ಮಾಮೂಲಿ ಅಕ್ಷರಕ್ಕೆ ಇಳಿಸಿ ಮುಗಿಸಿದ ಮೇಲೆ ಅದರ ಮೇಲೊಂದು ಗೆರೆ ಎಳೆಯಬೇಕು, ಇಲ್ಲದಿದ್ದರೆ ಯಾವುದು ಆಯಿತು ಯಾವುದು ಉಳಿಯಿತು ತಿಳಿಯುವುದಿಲ್ಲ. ಗೆರೆ ಎಂದರೆ ಬೇಡ ಎಂದಲ್ಲ, ಆಯಿತು ಎಂದು. ಮಾಸ್ತರರು ಇನ್ನೂ ಒಂದು ಮಾತು ಹೇಳುತ್ತಿದ್ದರು: "ಟೈಪ್ ಆದ್ರ ಸಾಲೂದಿಲ್ಲ, ಯಾರಿಗೆ ಮುಟ್ಟಬೇಕೋ ಅವರ ಕೈಗೆ ಮುಟ್ಟಿದ ಮ್ಯಾಲೆ ಗೆರಿ ಎಳೀರಿ. ಮೊದಲs ಎಳದ್ರ ಸುಳ್ಳು ಹೇಳಿದಂಗ."

ನಾನು ಅವಳಿಗೆ ಇದನ್ನು ನಗುತ್ತ ವಿವರಿಸಲು ಶುರು ಮಾಡಿದೆ. ಅರ್ಧಕ್ಕೆ ನಗು ನಿಂತಿತು. ಕಟ್ಟಿನ ಪಕ್ಕದಲ್ಲೇ ಮೆತ್ತನೆಯ ದಿಂಬಿನ ಮೇಲೆ ಮೂಲ ನೋಟ್‌ಬುಕ್ ತೆರೆದಿತ್ತು. ಆನೆಗಳ ಪುಟ. ಅದರ ಮೇಲೆ ಗೆರೆ.

ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈ ಕಟ್ಟಡದಲ್ಲಿ ಆ ಗೆರೆಯ ಅರ್ಥ ಗೊತ್ತಿದ್ದವಳು ನಾನೊಬ್ಬಳೇ, ಮತ್ತು ಮೊದಲ ದಿನ ಹೂಂ ಎಂದವಳೂ ನಾನೇ. ಓದಿದವರು ಹೇಳಿದ್ದಾರೆ ಎಂದು ಒಪ್ಪಿಬಿಟ್ಟಿದ್ದೆ. ಕೈ ತೊಳೆದು ಮುಟ್ಟುವ, ದಿಂಬಿನ ಮೇಲಿಡುವ ವಸ್ತುವಾದ ಮೇಲೆ ಅದೂ ಒಬ್ಬ ಕೆಲಸಗಾರನ ಪುಸ್ತಕ ಎನ್ನುವುದೇ ಮರೆತುಹೋಗಿತ್ತು.

ಹೇಳದೆ ಸುಮ್ಮನಿರಬಹುದಿತ್ತು. ಪೋಸ್ಟರ್ ಬಸ್‌ಸ್ಟಾಪಿಗೆ ಅಂಟಿಸಿಯಾಗಿತ್ತು, ಹುಡುಗಿಯ ಮೊದಲ ಪ್ರದರ್ಶನ, ಕಥೆ ಕೇಳಲು ಚೆಂದ. ನನ್ನ ಹೊರತು ತಪ್ಪು ಹಿಡಿಯುವವರು ಯಾರೂ ಇಲ್ಲ. ಆದರೆ ಆ ಕಥೆ ನಿಂತರೆ ದ್ಯಾಮವ್ವ, ಹುಲಿಗೆವ್ವರ ಸಾವನ್ನು ಇಲ್ಲಿಯ ಜನ ಆಗಲೇ ಕೇಳಿ ಮರುಗಿದ್ದರು ಎಂಬ ಸುಳ್ಳಿಗೆ ನನ್ನ ಟೈಪು ಮಾಡಿದ ಹಾಳೆಯೇ ಸಾಕ್ಷಿಯಾಗುತ್ತದೆ. ಕೂತಲ್ಲೇ ತೀರ್ಮಾನ ಮಾಡಿದೆ.

"ತಂಗಿ, ನಾವು ತಿಳಕೊಂಡಿದ್ದು ಪೂರಾ ಉಲ್ಟಾ ಐತಿ" ಎಂದೆ. "ಗೆರಿ ಇದ್ದದ್ದು ಅವ ಕಳಿಸಿದ್ದು. ಗೆರಿ ಇಲ್ಲದ್ದು ಕಳಿಸಲೇ ಇಲ್ಲ."

ಅವಳು ಒಪ್ಪಲಿಲ್ಲ. ವಾದ ಮಾಡುವುದೂ ಅವಳ ಕೆಲಸವೇ. ನಾನು ವಾದಕ್ಕೆ ಇಳಿಯದೆ, ಆನೆಗಳ ಪುಟದಿಂದ ಒಂದು ವಾಕ್ಯ ಹೇಳಿ, ಪತ್ರಿಕೆಗಳ ಸಂಗ್ರಹದಲ್ಲಿ ಇದನ್ನು ಹುಡುಕು ಎಂದೆ. ಹುಡುಕಿದಳು. ಉತ್ತರ ಇಂಗ್ಲೆಂಡಿನ ಒಂದು ಊರಿನ ಪತ್ರಿಕೆಯಲ್ಲಿ, 'ನಮ್ಮ ವಿಶೇಷ ಬಾತ್ಮೀದಾರರಿಂದ' ಎಂಬ ತಲೆಬರಹದ ಕೆಳಗೆ, ಗರಿಯ ಟೋಪಿಯ ಸಮೇತ ಇಡೀ ಪುಟ ಅಚ್ಚಾಗಿತ್ತು. ಇನ್ನೊಂದು ಪುಟ ಹುಡುಕಿದಳು. ಅದೂ ಇತ್ತು. ಬೇಟೆಯ ರಸ್ತೆಯ ಬಗ್ಗೆ ಅದೇ ಪತ್ರಿಕೆಯಲ್ಲಿ ಇದ್ದದ್ದು ಒಂದೇ ಸಾಲು, ಅನಿವಾರ್ಯ ಕಾರಣಗಳಿಂದ ಮಾರ್ಗ ಬದಲಾಯಿತು ಎಂದು. ಹುಡುಗಿ ಆ ಸಾಲನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಕಣ್ಣು ತುಂಬಿಕೊಂಡಿದ್ದಳು. ಅವಳ ತಲೆ ಸವರಿದೆ.

ಮರುದಿನ ಮುಖ್ಯಸ್ಥರ ಕೋಣೆ. ಅವರು ಸಭ್ಯ ಇಂಗ್ಲಿಷ್ ಮನುಷ್ಯ, ಸಭ್ಯವಾಗಿಯೇ ಜಾರಿಕೊಳ್ಳುವವರು. ಕಳಿಸಿದ ಮೇಲೆ ನಾಚಿಕೆಯಾಗಿ ಆಮೇಲೆ ಹೊಡೆದುಹಾಕಿರಬಹುದಲ್ಲ ಎಂದರು. ಫಲಕದಲ್ಲಿ 'ಬಹುಶಃ' ಎಂಬ ಒಂದು ಪದ ಸೇರಿಸಿದರೆ ಸಾಲದೇ ಎಂದರು. ಹುಡುಗಿ ನನ್ನ ಪಕ್ಕ ನಿಂತು, ಹಾಗಾದರೆ ಬೆಕ್ಕಿಗೆ ಹಾಲು ಹಾಕಿ ಎಂದು ಬರೆದದ್ದಕ್ಕೂ ಪಶ್ಚಾತ್ತಾಪಪಟ್ಟನೇ ಎಂದು ಕೇಳಿದಳು. ಅವರು ನಕ್ಕರು, ಆದರೆ ಒಪ್ಪಲಿಲ್ಲ.

ನಾನು ಚೀಲದಿಂದ ನನ್ನ ನೋಟ್‌ಬುಕ್ ತೆಗೆದೆ. ನಿಮಗೆ ಯಾವುದಾದರೂ ಪತ್ರ ಬರೆಸುವುದಿದ್ದರೆ ಹೇಳಿ ಎಂದೆ. ಅವರು ಗಲಿಬಿಲಿಗೊಂಡು, ಕಸದ ಡಬ್ಬಿಗಳನ್ನು ಸರಿಯಾಗಿ ಒಯ್ಯುತ್ತಿಲ್ಲ ಎಂದು ಕೌನ್ಸಿಲ್‌ಗೆ ಒಂದು ದೂರು ಹೇಳಿದರು. ಮೊದಲು ನಿಧಾನ, ಆಮೇಲೆ ಸಿಟ್ಟು ಬಂದು ಸರಸರ. ನಾನೂ ಸರಸರ. ಬರೆದದ್ದನ್ನು ಓದಿ ಹೇಳಿದೆ, ಒಂದು ಪದ ತಪ್ಪಲಿಲ್ಲ. ಹುಡುಗಿಯ ಕಂಪ್ಯೂಟರಿನಲ್ಲಿ ಟೈಪು ಮಾಡಿ, ಪ್ರಿಂಟ್ ತೆಗೆದು ಅವರ ಕೈಗೆ ಕೊಟ್ಟೆ. ಆಮೇಲೆ ಅವರ ಕಣ್ಣೆದುರೇ ನನ್ನ ಪುಟದ ಮೇಲೆ ಗೆರೆ ಎಳೆದೆ.

"ಅದನ್ನೇಕೆ ರದ್ದು ಮಾಡಿದಿರಿ?" ಎಂದರು.

"ರದ್ದಲ್ಲ. ನಿಮ್ಮ ಕೈಗೆ ಮುಟ್ಟಿತಲ್ಲ, ಮುಗಿಯಿತು" ಎಂದೆ.

ಅವರು ಕೈಯಲ್ಲಿದ್ದ ಕಾಗದವನ್ನೂ ನನ್ನ ಪುಟವನ್ನೂ ಒಂದೆರಡು ಸಲ ನೋಡಿದರು. ಹಾಗಾದರೆ ಆ ಹೆಸರುಗಳ ಪುಟ ಎಂದು ಕೇಳಿ ಅಲ್ಲಿಗೇ ನಿಲ್ಲಿಸಿದರು. ಯಾರ ಕೈಗೂ ಮುಟ್ಟಿಲ್ಲ ಎಂದೆ. ಆಗ ಹುಡುಗಿ, ಮುಖ್ಯಸ್ಥರಿಗೆ ತಿಳಿಯುವುದಿಲ್ಲ ಎಂಬುದನ್ನೂ ಮರೆತು, ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು, "ನಾವೇ ಮುಟ್ಟಿಸೋಣ ಆಂಟಿ."

ಎರಡು ವಾರ ನಾವಿಬ್ಬರೂ ಗಾಣದೆತ್ತಿನ ಹಾಗೆ ದುಡಿದೆವು. ಮುಖ್ಯಸ್ಥರೇ ಹಳೆಯ ಪೋಸ್ಟರ್ ತೆಗೆಸಿದರು, ಹೊಸದು ಹಾಕಿಸಿದರು. ಎಡಗೋಡೆಗೆ ಅವನು ಕಳಿಸಿದ್ದು, ಪತ್ರಿಕೆಯ ಅಚ್ಚಿನ ಜೊತೆ. ಬಲಗೋಡೆಗೆ ಅವನು ಕಳಿಸದೆ ಇಟ್ಟುಕೊಂಡದ್ದು, ಅಚ್ಚಿನ ಜಾಗ ಖಾಲಿ. ಹುಡುಗಿ ಅವನನ್ನು ಹೇಡಿ ಎಂದು ಬರೆಯಹೊರಟಿದ್ದಳು. ನಾನು ಬೇಡ ಎಂದೆ. ಏಕೆ ಕಳಿಸಲಿಲ್ಲವೋ ನಮಗೆ ಗೊತ್ತಿಲ್ಲ. ಕಳಿಸಿದ್ದರೆ ಕುವರನ ಜೊತೆಗಿನ ಜಾಗ ಹೋಗುತ್ತಿತ್ತೇನೋ. ಆದರೆ ಚುಕ್ಕೆಯೊಂದನ್ನೂ ಬಿಡದೆ ಬರೆದುಕೊಂಡಿದ್ದ, ಮುಗಿಯದ ಕೆಲಸಕ್ಕೆ ಮುಗಿಯಿತು ಎಂದು ಗೆರೆ ಎಳೆದಿರಲಿಲ್ಲ, ನೋಟ್‌ಬುಕ್ಕನ್ನು ಸುಟ್ಟಿರಲಿಲ್ಲ. ಅಷ್ಟನ್ನು ಮಾತ್ರ ಬರೆ ಎಂದೆ, ಹಾಗೇ ಬರೆದಳು.

ಹೆಸರುಗಳನ್ನು ಇಂಗ್ಲಿಷಿನಲ್ಲಿ, ಅದರ ಕೆಳಗೆ ಕನ್ನಡದಲ್ಲಿ ಹಾಕಿಸಿದೆವು. ಒಂಬತ್ತನೆಯ ಸಾಲನ್ನು ಅವನು ಬರೆದ ಹಾಗೇ ಬಿಟ್ಟೆವು.

ಪ್ರದರ್ಶನ ತೆರೆದ ಶನಿವಾರ ನಮ್ಮ ಮನೆಯವರು ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಆನೆಗಳ ಮುಂದೆ ಅರೆಗಳಿಗೆ ನಿಂತು ಬಲಗೋಡೆಗೆ ಹೋದರು. ಅವರ ಹಿಂದೆ ವಿಜಯಪುರದ ಕಡೆಯ ಒಂದು ಕುಟುಂಬ, ಒಂದಿಬ್ಬರು ಇಂಗ್ಲಿಷ್ ಅಜ್ಜಿಯರು, ಹುಡುಗಿಯ ತಾಯಿ. ನಮ್ಮ ಮನೆಯವರು ಪತ್ರಿಕೆಯನ್ನೂ ಜೋರಾಗಿ ಓದುವವರು. ಇಲ್ಲೂ ಜೋರಾಗಿ ಓದಿದರು. ಯಲ್ಲಪ್ಪ. ದ್ಯಾಮವ್ವ. ಫಕೀರಪ್ಪ. ಜನ ಹತ್ತಿರ ಬಂದರು. ಇನ್ನೊಬ್ಬ ಯಲ್ಲಪ್ಪ ಎಂದು ಓದಿ ಪಕ್ಕಕ್ಕೆ ಸರಿದರು. ಒಂಬತ್ತನೆಯ ಸಾಲನ್ನು ಹುಡುಗಿಯ ತಾಯಿ ಓದಿದರು. ಇಂಗ್ಲಿಷ್ ಅಜ್ಜಿಯರಲ್ಲಿ ಒಬ್ಬರು ಹೆಸರನ್ನು ಹೇಗೆ ಹೇಳಬೇಕು ಎಂದು ನಮ್ಮ ಮನೆಯವರನ್ನು ಕೇಳಿ, ಹುಲಿಗೆವ್ವ ಎಂದು ಎರಡು ಸಲ ಹೇಳಿ ನೋಡಿಕೊಂಡರು.

ನಾನು ಚೀಲದಲ್ಲಿ ಆ ಪುಟದ ಜೆರಾಕ್ಸ್ ಇಟ್ಟುಕೊಂಡು ಬಂದಿದ್ದೆ. ಅದನ್ನು ಟೈಪು ಮಾಡಿ ನಾಲ್ಕು ತಿಂಗಳಾಗಿತ್ತು. ಉಳಿದೆಲ್ಲ ಪುಟಗಳಿಗೂ ತಾನಾಗಿ ಗೆರೆ ಎಳೆದ ನನ್ನ ಕೈ ಈ ಒಂದಕ್ಕೆ ಎಳೆದಿರಲಿಲ್ಲ. ಏಕೆಂದು ಕೈಗೆ ಗೊತ್ತಿತ್ತೇನೋ, ನನಗೆ ಆಗ ಗೊತ್ತಿರಲಿಲ್ಲ. ಅಜ್ಜಿ ಮೂರನೆಯ ಸಲ ಹೆಸರು ಹೇಳುತ್ತಿದ್ದರು. ನಾನು ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತು, ಪುಟವನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ಸಿಲ್ ತೆಗೆದು, ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ ಎಳೆದೆ.